ಪದಚರ್ಚೆ: ಜಲವಿದ್ಯುತ್ತಿನ ‘ಹೆಡ್’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ:
ಶರಾವತಿ ಕಣಿವೆಯ ಭೂಗೋಳ ಮತ್ತು ಜಲವಿದ್ಯುತ್ತಿನ ಬಗೆಗಿನ ಪಾಠವೊಂದನ್ನು ಹೈಸ್ಕೂಲು ಮಕ್ಕಳಿಗೆಂದು ಕನ್ನಡಕ್ಕೆ ತರುವ ಕೆಲಸವಿದೆ. ‘ಹೆಡ್’ (ಯಂತ್ರ ತಿರುಗಿಸುವ ನೀರು ಇಳಿದು ಬರುವ ಎತ್ತರ) ಎಂಬ ಪದ ಪ್ಯಾರಾಕ್ಕೆ ಎರಡು ಸಲ ಬರುತ್ತದೆ. ‘ಜಲಶೀರ್ಷ’, ‘ಬೀಳೆತ್ತರ’, ‘ಜಲಪಾತದ ಎತ್ತರ’ ಇವುಗಳಲ್ಲಿ ಯಾವುದು ಸರಿ? ಪೆನ್‌ಸ್ಟಾಕ್, ಟೇಲ್‌ರೇಸ್, ವಾಟರ್ ಹ್ಯಾಮರ್ ಇವಕ್ಕೂ ಪದ ಇದ್ದರೆ ತಿಳಿಸಿ.

ಉತ್ತರ 1:
ಮೊದಲು ‘ಜಲಪಾತದ ಎತ್ತರ’ವನ್ನು ಹೊಡೆದುಹಾಕಿ. ನಿಮ್ಮ ಪಾಠದಲ್ಲೇ ಅದು ಲೆಕ್ಕ ತಪ್ಪಿಸುತ್ತದೆ. ಜೋಗದಲ್ಲಿ ನೀರು ಬೀಳುವುದು 253 ಮೀಟರ್. ಶರಾವತಿ ವಿದ್ಯುದಾಗಾರದ ಹೆಡ್ ಸುಮಾರು 440 ಮೀಟರ್. ಲಿಂಗನಮಕ್ಕಿ ಅಣೆಕಟ್ಟಿನ ಎತ್ತರವೋ, 60 ಮೀಟರಿನ ಆಸುಪಾಸು. ನದಿ ಒಂದೇ, ಅಳತೆ ಮೂರು, ಒಂದಕ್ಕೊಂದು ತಾಳೆಯಿಲ್ಲ.

ಯಾಕೆ ಹೀಗೆ ಅಂದರೆ, ಲಿಂಗನಮಕ್ಕಿಯ ನೀರು ಅಣೆಕಟ್ಟಿನ ಬುಡದಲ್ಲಿರುವ 55 ಮೆಗಾವ್ಯಾಟ್ ವಿದ್ಯುದಾಗಾರವನ್ನು ಮೊದಲು ತಿರುಗಿಸಿ, ತಳಕಳಲೆಯ ಸಮತೋಲನ ಜಲಾಶಯಕ್ಕೆ ಹೋಗುತ್ತದೆ. ಅಲ್ಲಿಂದ ಮುಂದಕ್ಕೆ ಕೊಳವೆಯ ದಾರಿ. ಘಟ್ಟದ ಅಂಚಿನಿಂದ ಇಳಿದು ಜೋಗಕ್ಕಿಂತ ಎಷ್ಟೋ ಕೆಳಗಿರುವ ಶರಾವತಿ ವಿದ್ಯುದಾಗಾರ ಸೇರುತ್ತದೆ. ಜೋಗದ ಗುಂಡಿಗೆ ಬಿದ್ದಮೇಲೂ ನದಿ ಕಮರಿಯಲ್ಲಿ ಇಳಿಯುತ್ತಲೇ ಇರುತ್ತದಲ್ಲ, ಆ ಇಳಿತವನ್ನೂ ಕೊಳವೆ ಸೇರಿಸಿಕೊಳ್ಳುತ್ತದೆ. ಅಲ್ಲಿ ತಲಾ 103.5 ಮೆಗಾವ್ಯಾಟಿನ 10 ಯಂತ್ರಗಳು, ಒಟ್ಟು 1035. ಅದೇ ನೀರು ಇನ್ನೂ ಕೆಳಗೆ ಗೇರುಸೊಪ್ಪೆಯಲ್ಲಿ ಮತ್ತೆ 240 ಮೆಗಾವ್ಯಾಟ್ ಕೊಡುತ್ತದೆ.

ಪ್ರಸ್ಥಭೂಮಿಯ ನದಿಯ ಗುಟ್ಟು ಇಲ್ಲೇ ಇದೆ. ಘಟ್ಟದ ಮೇಲೆ ನೆಲ ಹೆಚ್ಚುಕಡಿಮೆ ತಟ್ಟೆ. 60 ಮೀಟರಿನ ಕಟ್ಟೆ ಕಟ್ಟಿದರೆ ನೀರು ಸುಮಾರು 300 ಚದರ ಕಿಲೋಮೀಟರ್ ಹರಡಿ ನಿಲ್ಲುತ್ತದೆ (ಮುಳುಗಡೆ ಎಂಬ ಮಾತು ಸಾಗರದ ಕಡೆ ಊರಿನ ಹೆಸರಿನಷ್ಟೇ ಬಳಕೆಯಲ್ಲಿರುವುದು ಇದರಿಂದಲೇ). ನೀರು ಕೂಡಿಡುವ ಜಾಗ ಒಂದು, ಅದನ್ನು ಬೀಳಿಸುವ ಜಾಗ ಇನ್ನೊಂದು. ಅಣೆಕಟ್ಟಿನ ಎತ್ತರ ಎಷ್ಟೆಂದು ಹೇಳಿದರೆ ಎಷ್ಟು ನೀರು ನಿಲ್ಲುತ್ತದೆ ಎಂಬ ಅಂದಾಜು ಸಿಗಬಹುದು, ಅದರಿಂದ ಹೆಡ್ ತಿಳಿಯದು. ಅಂದಹಾಗೆ ಪಾಠದಲ್ಲಿ ‘ಎಸ್ಕಾರ್ಪ್‌ಮೆಂಟ್’ ಬಂದರೆ ‘ಕಡಿದಾದ ಇಳಿಜಾರು ಪ್ರದೇಶ’ ಎಂದೆಲ್ಲ ಎಳೆಯಬೇಡಿ. ‘ಘಟ್ಟದ ಅಂಚು’ ಸಾಕು. ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂದರೆ ಮಲೆನಾಡಿನ ಮಕ್ಕಳಿಗೆ ನಕ್ಷೆಯೇ ಬೇಡ.

‘ಜಲಶೀರ್ಷ’ ಕೇಳಿದರೆ ನದಿಯ ಮೂಲ ನೆನಪಾಗುತ್ತದೆ, ಅಂಬುತೀರ್ಥದ ಚಿತ್ರ ಬರುತ್ತದೆ. ನೀರಾವರಿಯಲ್ಲಿ ಕಾಲುವೆಯ ‘ತಲೆಭಾಗ’, ‘ಕೊನೆಭಾಗ’ ಎನ್ನುತ್ತಾರಲ್ಲ, ಅಲ್ಲಿ ತಲೆ ಸರಿಯಾಗಿಯೇ ಕೂತಿದೆ. ಆ ತಲೆ ಬೇರೆ, ಈ ಹೆಡ್ ಬೇರೆ. ಎರಡಕ್ಕೂ ಒಂದೇ ಪದ ಕೊಟ್ಟರೆ ಗೊಂದಲ. ‘ಬೀಳೆತ್ತರ’ ಕೇಳಲು ಚೆಂದ, ಆದರೆ ಓದಿದವರು ಮತ್ತೆ ಜಲಪಾತಕ್ಕೇ ಹೋಗಿ ನಿಲ್ಲುತ್ತಾರೆ. ಹೆಡ್ ಎಂದರೆ ಮೇಲೆ ನಿಂತ ನೀರಿನ ಮಟ್ಟಕ್ಕೂ ಕೆಳಗೆ ಬಿಟ್ಟ ನೀರಿನ ಮಟ್ಟಕ್ಕೂ ಇರುವ ಅಂತರ. ಹಾಗಾಗಿ ನನ್ನ ಮತ ‘ಮಟ್ಟಾಂತರ’ಕ್ಕೆ. ಮೊದಲ ಸಲ ‘ನೀರಿನ ಮಟ್ಟಾಂತರ, ಅಂದರೆ ಹೆಡ್’ ಎಂದು ಬರೆದು ಮುಂದೆ ‘ಹೆಡ್’ ಎಂದೇ ಬಳಸಿ. ಪಂಪ್‌ಸೆಟ್ ಅಂಗಡಿಯಲ್ಲಿ ‘ಎಷ್ಟು ಹೆಡ್ಡಿನ ಮೋಟರ್ ಬೇಕು’ ಎಂದು ಕೇಳದವರಿಲ್ಲ. ಆ ಪದ ಆಗಲೇ ಕನ್ನಡಕ್ಕೆ ಬಂದು ಕೂತಿದೆ, ಎಬ್ಬಿಸುವ ಅಗತ್ಯವಿಲ್ಲ.

ಎತ್ತರದ ಇನ್ನೊಂದು ಗೊಂದಲ ಮಳೆಗಾಲದಲ್ಲಿ ಪ್ರತಿದಿನ ಪತ್ರಿಕೆಯಲ್ಲಿ ಕಾಣುತ್ತದೆ: ‘1819 ಅಡಿ ಎತ್ತರದ ಲಿಂಗನಮಕ್ಕಿ’. ಅದು ಸಮುದ್ರಮಟ್ಟದಿಂದ ಎಣಿಸಿದ ಗರಿಷ್ಠ ನೀರಿನ ಮಟ್ಟ. ತುಂಗಭದ್ರಾದ 1633 ಅಡಿ, ಆಲಮಟ್ಟಿಯ 519.60 ಮೀಟರ್ ಕೂಡ ಹಾಗೆಯೇ. ಕೆಆರ್‌ಎಸ್‌ನ 124.80 ಅಡಿ ಮಾತ್ರ ನದಿಯ ತಳದಿಂದ ಎಣಿಸಿದ್ದು. ನಾಲ್ಕನ್ನೂ ಒಂದೇ ಪಟ್ಟಿಯಲ್ಲಿ ‘ಎತ್ತರ’ ಎಂಬ ಕಾಲಮ್ಮಿನಡಿ ಹಾಕಿದರೆ ಕೆಆರ್‌ಎಸ್ ಕುಳ್ಳಗೆ ಕಾಣುತ್ತದೆ, ಅಷ್ಟೆ. ‘ಎತ್ತರ’ ತೆಗೆದು ‘ಮಟ್ಟ’ ಹಾಕಿ, ಎಲ್ಲಿಂದ ಎಣಿಕೆ ಎಂಬುದನ್ನೂ ಬರೆಯಿರಿ.

ಹೆಡ್ ಯಾಕೆ ಅಷ್ಟು ಮುಖ್ಯ ಎಂದು ಮಕ್ಕಳಿಗೆ ತೋರಿಸಲು ಒಂದು ಲೆಕ್ಕ ಸಾಕು. ಸೆಕೆಂಡಿಗೆ ಹರಿಯುವ ನೀರು ಘನಮೀಟರಿನಲ್ಲಿ, ಹೆಡ್ ಮೀಟರಿನಲ್ಲಿ. ಎರಡನ್ನೂ ಗುಣಿಸಿ, 9.81ರಿಂದ ಗುಣಿಸಿ, ಯಂತ್ರದ ದಕ್ಷತೆಗೆಂದು 0.9ರಿಂದ ಗುಣಿಸಿದರೆ ಕಿಲೋವ್ಯಾಟ್ ಸಿಗುತ್ತದೆ. 440 ಮೀಟರ್ ಹೆಡ್ಡಿನಲ್ಲಿ 103.5 ಮೆಗಾವ್ಯಾಟಿಗೆ ಸೆಕೆಂಡಿಗೆ 26-27 ಘನಮೀಟರ್ ನೀರು ಬೇಕು, ಕ್ಯುಸೆಕ್ ಲೆಕ್ಕದಲ್ಲಿ ಸುಮಾರು 940. ಹೆಡ್ 40 ಮೀಟರಿಗೆ ಇಳಿದರೆ ಅಷ್ಟೇ ವಿದ್ಯುತ್ತಿಗೆ 11 ಪಟ್ಟು ನೀರು. ಬಯಲಿನಲ್ಲಿ ಹರಿಯುವ ಕೃಷ್ಣೆಯ ಆಲಮಟ್ಟಿ ಅಷ್ಟು ದೊಡ್ಡ ಜಲಾಶಯವಾಗಿಯೂ 290 ಮೆಗಾವ್ಯಾಟಿಗೇ ನಿಲ್ಲಲು ಹೆಡ್ ಸಾಲದಿರುವುದು ಮುಖ್ಯ ಕಾರಣ.

ಪೆನ್‌ಸ್ಟಾಕಿಗೆ ‘ಒತ್ತಡ ಕೊಳವೆ’ ಎನ್ನಿ, ಯಂತ್ರಕ್ಕೆ ನೀರು ಇಳಿಸುವ ಮುಚ್ಚಿದ ಕೊಳವೆ ಅದು. ‘ನೀರಿನ ಕಾಲುವೆ’ ಎಂದು ಮಾತ್ರ ಬರೆಯಬೇಡಿ. ಅಡಿಕೆ ದಬ್ಬೆಯಲ್ಲಿ (ಸೀಳಿದ ಅಡಿಕೆ ಮರದ ದೋಣಿಯಲ್ಲಿ) ಮನೆಗೆ ಬರುವ ಅಬ್ಬಿ ನೀರಿಗೂ, ಅದೇ ಗುಡ್ಡದ ನೀರನ್ನು ಪೈಪಿನಲ್ಲಿ ತಂದು ತೋಟಕ್ಕೆ ಸ್ಪ್ರಿಂಕ್ಲರ್ ಹಾರಿಸುವುದಕ್ಕೂ ಇರುವ ವ್ಯತ್ಯಾಸವೇ ಇದು. ದಬ್ಬೆ ಮೇಲೆ ತೆರೆದಿರುವುದರಿಂದ ಎಷ್ಟು ಇಳಿದರೂ ಒತ್ತಡ ಕೂಡುವುದಿಲ್ಲ. ಪೈಪಿನಲ್ಲಿ ಪ್ರತಿ 10 ಮೀಟರ್ ಇಳಿತಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಪ್ರೆಶರ್ ಕೂಡುತ್ತದೆ. ಪೈಪ್ ಸಣ್ಣದಾದರೆ, ಉದ್ದವಾದರೆ, ಒಳಗೆ ಪಾಚಿ ಕಟ್ಟಿದರೆ ಉಜ್ಜಾಟಕ್ಕೆ ಅದರಲ್ಲಿ ಒಂದಿಷ್ಟು ಹೋಗುತ್ತದೆ. ಹೋದದ್ದನ್ನು ಕಳೆದು ಉಳಿದದ್ದೇ ‘ನಿವ್ವಳ ಹೆಡ್’. ಒಟ್ಟು, ನಿವ್ವಳ ಎಂಬ ಜೋಡಿ ಸಂಬಳದ ಚೀಟಿಯಿಂದಲೇ ಎಲ್ಲರಿಗೂ ಗೊತ್ತು.

ವಾಟರ್ ಹ್ಯಾಮರಿಗೆ ‘ಜಲಸುತ್ತಿಗೆ’ ನಗೆ ತರಿಸುತ್ತದೆ. ‘ನೀರಿನ ಗುದ್ದು’ ಎನ್ನಬಹುದು. ಪೈಪಿನಲ್ಲಿ ಜೋರಾಗಿ ಬರುತ್ತಿರುವ ನೀರಿಗೆ ಥಟ್ಟನೆ ಗೇಟುವಾಲ್ವ್ ಮುಚ್ಚಿದರೆ ಢಬ್ಬೆಂದು ಪೈಪ್ ಅದುರುತ್ತದಲ್ಲ, ಅದೇ. ನೂರಾರು ಮೀಟರ್ ಹೆಡ್ಡಿನ ಕೊಳವೆಯಲ್ಲಿ ಆ ಗುದ್ದಿಗೆ ಉಕ್ಕು ಸೀಳಬಹುದು. ಹಾಗಾಗಿ ಮೇಲಿನ ನೀರಿನ ದಾರಿ ಉದ್ದವಾಗಿದ್ದರೆ ಒತ್ತಡ ಕೊಳವೆ ಶುರುವಾಗುವ ಕಡೆ ಬಾಯಿ ತೆರೆದ ಎತ್ತರದ ತೊಟ್ಟಿ ಕಟ್ಟುತ್ತಾರೆ. ಹಿಂದಕ್ಕೆ ಒತ್ತಿದ ನೀರು ಅದರಲ್ಲಿ ಉಬ್ಬಿ ಇಳಿಯುತ್ತದೆ. ಈ ಸರ್ಜ್ ಟ್ಯಾಂಕಿಗೆ ‘ಉಬ್ಬುತೊಟ್ಟಿ’ ಆದೀತು.

ಟೇಲ್‌ರೇಸನ್ನು ಬಾಲ ಮಾಡದೆ ‘ಬಿಡುಗಾಲುವೆ’ ಎನ್ನಿ, ಯಂತ್ರ ತಿರುಗಿಸಿದ ನೀರು ಹೊರಹೋಗುವ ಕಾಲುವೆ ಅದು. ಗೇರುಸೊಪ್ಪೆಯ ಯೋಜನೆಯ ಹೆಸರೇ ‘ಶರಾವತಿ ಟೇಲ್‌ರೇಸ್’ ಆದ್ದರಿಂದ ಹೆಸರಿನಲ್ಲಿ ಬಂದಾಗ ಮಾತ್ರ ಹಾಗೇ ಬಿಡಿ.

ಉತ್ತರ 2:
‘ಮಟ್ಟಾಂತರ’ಕ್ಕೆ ನನ್ನದೂ ಒಪ್ಪಿಗೆ. ಆದರೆ ಮೇಲೆ ಕೊಟ್ಟ ವಿವರಣೆ ಶರಾವತಿಗೇ ಪೂರ್ತಿ ಹೊಂದುವುದಿಲ್ಲ. ‘ಕೆಳಗೆ ಬಿಟ್ಟ ನೀರಿನ ಮಟ್ಟ’ದವರೆಗೆ ಎಣಿಸುವುದು ಫ್ರಾನ್ಸಿಸ್, ಕಪ್ಲಾನ್ ಎಂಬ ಬಗೆಯ ಜಲಯಂತ್ರಗಳಿಗೆ (ಟರ್ಬೈನುಗಳಿಗೆ), ಅವು ನೀರಿನಲ್ಲಿ ತುಂಬಿಕೊಂಡೇ ತಿರುಗುತ್ತವೆ, ಕೆಳಗಿನ ಹೀರುಕೊಳವೆ ಬಿಡುನೀರಿನೊಳಗೆ ಮುಳುಗಿರುತ್ತದೆ. ಶರಾವತಿಯದು ಪೆಲ್ಟನ್ ಎಂಬ ಬೇರೆ ಬಗೆ. ಅಲ್ಲಿ ನೀರು ಮೂತಿಯಿಂದ ಪಿಚಕಾರಿಯಂತೆ ಹಾರಿ ಚಕ್ರದ ಬಟ್ಟಲುಗಳಿಗೆ ಬಡಿಯುತ್ತದೆ, ಚಕ್ರ ಗಾಳಿಯಲ್ಲಿ ತಿರುಗುತ್ತದೆ. ಮೂತಿಯಿಂದ ಹೊರಬಿದ್ದ ಮೇಲೆ ನೀರು ಕೆಳಗಿನ ಕಾಲುವೆಗೆ ಇಳಿಯುವ ಒಂದಿಷ್ಟು ಮೀಟರು ಯಾವ ಕೆಲಸಕ್ಕೂ ಬಾರದು. ಹಾಗಾಗಿ ಪೆಲ್ಟನ್ನಿಗೆ ಹೆಡ್ ಎಣಿಸುವುದು ಮೂತಿಯ ಮಟ್ಟದವರೆಗೆ. ಕೆಳಗೆ ಜಾಗ ಬಿಡದೆ ಕಟ್ಟಿ ಬಿಡುನೀರು ಮೇಲೇರಿ ಚಕ್ರಕ್ಕೆ ತಾಗಿದರೆ ವೇಗವೇ ಕುಸಿಯುತ್ತದೆ.

ನೀರಿನ ಗುದ್ದಿನ ಜೊತೆ ಇದನ್ನೂ ಸೇರಿಸಿಕೊಳ್ಳಿ: ಪೆಲ್ಟನ್ನಿನಲ್ಲಿ ವಿದ್ಯುತ್ ಲೈನ್ ಟ್ರಿಪ್ ಆದ (ಥಟ್ಟನೆ ಕಡಿದ) ಕ್ಷಣ ಮೂತಿಯನ್ನು ಮುಚ್ಚುವುದಿಲ್ಲ. ಮೊದಲು ಡಿಫ್ಲೆಕ್ಟರ್ ಎಂಬ ತಗಡು ಅಡ್ಡ ಬಂದು ನೀರಿನ ಧಾರೆಯನ್ನು ಚಕ್ರದಿಂದ ಪಕ್ಕಕ್ಕೆ ತಿರುಗಿಸುತ್ತದೆ, ಒಳಗಿನ ಸೂಜಿ ಆಮೇಲೆ ನಿಧಾನವಾಗಿ ಮೂತಿ ಮುಚ್ಚುತ್ತದೆ. ಡಿಫ್ಲೆಕ್ಟರಿಗೆ ‘ಧಾರೆತಿರುವು’ ಎಂದು ಬರೆದರೆ ಹೇಗೆ?