ಮಕ್ಕಳಿಗೆ ಇಲ್ಲಿನ ಹಕ್ಕಿ ತೋರಿಸಿ, ಕಥೆ ಯಾರದ್ದು ಅಂತಲೂ ಹೇಳಿ

ಎಲ್ಲರಿಗೂ ನಮಸ್ಕಾರ. ಮೆಲ್ಬರ್ನ್‌ಗೆ ಹೊಸದಾಗಿ ಬಂದಿರುವ ಒಬ್ಬ ಅಮ್ಮ ಈ ಗುಂಪಿನಲ್ಲಿ ಕೇಳಿದ್ದರು: "ಮಗಳು ಶಾಲೆಯಿಂದ ಬಂದು ಬುಂಜಿಲ್, ವಾಂಗ್ ಅಂತ ಹೇಳ್ತಾಳೆ. ನನಗೇನೂ ಗೊತ್ತಿಲ್ಲ. ಮನೆಯಲ್ಲಿ ಏನು ಹೇಳಿಕೊಡಲಿ?" ತುಂಬಾ ಒಳ್ಳೆಯ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಅಕ್ಕ, ಮೊದಲು ಬೇಲಿ ಮೇಲೆ ಕೂರುವ ಕಾಗೆಯನ್ನೇ ತೋರಿಸಿ. ನಮ್ಮೂರಿನ ಕಾಗೆಗೆ ಕತ್ತು ಬೂದು, ಕಣ್ಣು ಕಪ್ಪು. ಇಲ್ಲಿನದು ಮೈಯೆಲ್ಲ ಕಪ್ಪು, ಬೆಳೆದ ಹಕ್ಕಿಗೆ ಕಣ್ಣು ಬಿಳಿ. ಮೆಲ್ಬರ್ನ್‌ನಲ್ಲಿ ಜಾಸ್ತಿ ಕಾಣುವುದು ಲಿಟಲ್ ರೇವನ್. ಕೂಗುವಾಗ ಗಮನಿಸಲು ಹೇಳಿ, ಒಂದೊಂದು ಕೂಗಿಗೂ ರೆಕ್ಕೆ ಕೊಡವುತ್ತದೆ. ಅದು ಬೇರೆಯದೇ ಜಾತಿ ಅಂತ ಪಕ್ಷಿತಜ್ಞರು ಖಚಿತ ಮಾಡಿಕೊಂಡಿದ್ದು 1967ರಲ್ಲಿ.

ಈ ನೆಲದ ಮೂಲನಿವಾಸಿಗಳಾದ ಕುಲಿನ್ ಜನರಿಗೆ ಕಾಗೆಯೇ ವಾಂಗ್. ಅವರ ಕಥೆಯಲ್ಲಿ ಮೊದಲು ಬೆಂಕಿ ಇದ್ದದ್ದು ಕರತ್‌ಗುರ್ಕ್ ಎಂಬ ಏಳು ಹೆಂಗಸರ ಹತ್ತಿರ ಮಾತ್ರ. ಗೆಡ್ಡೆ ಅಗೆಯುವ ಕೋಲಿನ ತುದಿಯಲ್ಲೇ ಕೆಂಡ ಇಟ್ಟುಕೊಂಡಿದ್ದರು, ಯಾರಿಗೂ ಕೊಡುತ್ತಿರಲಿಲ್ಲ. ಅವರು ಸುಟ್ಟ ಗೆಡ್ಡೆಯ ರುಚಿ ಒಮ್ಮೆ ವಾಂಗ್‌ಗೆ ಸಿಕ್ಕಿತು. ಕೇಳಿದ, ಕೊಡಲಿಲ್ಲ. ಆಗ ಇರುವೆ ಗೂಡಿನೊಳಗೆ ಹಾವುಗಳನ್ನು ಬಚ್ಚಿಟ್ಟು, "ಇರುವೆ ಮರಿ ಗೆಡ್ಡೆಗಿಂತ ರುಚಿ, ಅಗೆದು ನೋಡಿ" ಅಂದ. ಅಗೆದರೆ ಹಾವು! ಹೆಂಗಸರು ಕೋಲಿನಿಂದ ಹೊಡೆದ ರಭಸಕ್ಕೆ ಕೆಂಡಗಳು ಉದುರಿದವು. ವಾಂಗ್ ಅವನ್ನು ಎತ್ತಿಕೊಂಡು ಮರದ ತುದಿಗೆ ಹಾರಿದ. ಕೊನೆಗೆ ಬೆಂಕಿ ಎಲ್ಲರ ಪಾಲಾಯಿತು, ವಾಂಗ್ ಸುಟ್ಟು ಕಪ್ಪಾದ. ಆ ಏಳು ಹೆಂಗಸರು ಆಕಾಶ ಸೇರಿದರು. ಅವರೇ ನಾವು ಕೃತ್ತಿಕೆ ಅನ್ನುವ ನಕ್ಷತ್ರಗಳು. ಇಲ್ಲಿ ಬೇಸಿಗೆಯ ರಾತ್ರಿ ಉತ್ತರ ದಿಕ್ಕಿಗೆ ಮುಖ ಮಾಡಿದರೆ ಕಾಣುತ್ತವೆ, ಮಗಳಿಗೆ ತೋರಿಸಿ.

ಬುಂಜಿಲ್ ಅಂದರೆ ವೆಡ್ಜ್-ಟೇಲ್ಡ್ ಈಗಲ್ ಎಂಬ ದೊಡ್ಡ ಹದ್ದು, ಅವರ ಕಥೆಯಲ್ಲಿ ಎಲ್ಲವನ್ನೂ ಸೃಷ್ಟಿಸಿದವನು. ರೆಕ್ಕೆ ಬಿಚ್ಚಿದರೆ 2 ಮೀಟರ್‌ಗೂ ಜಾಸ್ತಿ. ಕೆಳಗಿನಿಂದ ನೋಡುವಾಗ ಬಾಲ ನೋಡಿ, ಉದ್ದಕ್ಕೆ ಬೆಣೆಯ ಆಕಾರ. ಅಷ್ಟು ಸಾಕು ಗುರುತಿಸೋಕೆ. ಯೂ ಯಾಂಗ್ಸ್ ಬೆಟ್ಟದ ಕಡೆ ಹೋದಾಗ ತಲೆ ಎತ್ತಿ ನೋಡ್ತಾ ಇರಿ. ಎಲ್ಲ ಮುಗಿಸಿದ ಮೇಲೆ ಬುಂಜಿಲ್ ಗಾಳಿಯ ಜೊತೆ ಮೇಲೇರಿ ನಕ್ಷತ್ರವಾದ. ಅದು ಆಲ್ಟೇರ್, ನಮ್ಮ ಪಂಚಾಂಗದ ಶ್ರವಣ. ಗ್ರಾಂಪಿಯನ್ಸ್ ಬೆಟ್ಟಗಳಿಗೆ ಹೋಗುವವರು ಸ್ಟಾವೆಲ್ ಹತ್ತಿರದ ಬಂಡೆಯ ಆಸರೆಯಲ್ಲಿ ಬುಂಜಿಲ್ ಮತ್ತು ಅವನ ಎರಡು ನಾಯಿಗಳ ಚಿತ್ರ ನೋಡಿ ಬನ್ನಿ.

ಕುಲಿನ್ ಜನರಲ್ಲಿ ಪ್ರತಿಯೊಬ್ಬರೂ ಬುಂಜಿಲ್ ಕಡೆಯವರು, ಇಲ್ಲವೇ ವಾಂಗ್ ಕಡೆಯವರು. ಮದುವೆ ಇನ್ನೊಂದು ಕಡೆಯವರ ಜೊತೆಯೇ ಆಗಬೇಕು. ಕರಾವಳಿಯವರಿಗೆ ತಮ್ಮ 'ಬಳಿ' (ಕುಲ) ಪದ್ಧತಿ ನೆನಪಾಗಬಹುದು. ಅಂದರೆ ಇದು ಮಕ್ಕಳನ್ನು ಮಲಗಿಸಲು ಹೇಳುವ ಕಥೆ ಮಾತ್ರ ಅಲ್ಲ. ಒಬ್ಬ ಮನುಷ್ಯ ಯಾರಿಗೆ ಏನಾಗಬೇಕು ಅನ್ನುವುದೇ ಇದರೊಳಗಿದೆ.

ಅದಕ್ಕೇ ನನ್ನದೊಂದು ಕೋರಿಕೆ. "ಓ, ಇದು ನಮ್ಮ ಗರುಡನೇ" ಅಂತ ಹೇಳಿ ಮುಗಿಸಬೇಡಿ. ಹೋಲಿಕೆ ಕಂಡರೆ ಸಂತೋಷ, ಆದರೆ ಕಥೆ ಅವರದ್ದು. ಸುಮ್ನೆ "ಅಬಾರಿಜಿನಲ್ (ಮೂಲನಿವಾಸಿ) ಕಥೆ" ಅನ್ನುವುದೂ ಸಾಲದು. ಈ ದೇಶದಲ್ಲಿ 250ಕ್ಕೂ ಹೆಚ್ಚು ಮೂಲ ಭಾಷೆಗಳಿದ್ದವು. ಕುಲಿನ್ ಜನರಲ್ಲೇ ವುರುಂಡ್ಜೆರಿಯವರದೋ, ಬುನುರಾಂಗ್‌ರದೋ, ಯಾರಿಂದ ಕೇಳಿದಿರೋ ಅವರ ಹೆಸರು ಹೇಳಿ. ರಾಜ್ಯೋತ್ಸವಕ್ಕೆ ವಾಂಗ್ ಕಥೆಯನ್ನು ಮಕ್ಕಳ ನಾಟಕ ಮಾಡೋಣ ಅಂತ ಇಲ್ಲಿ ಕೆಲವರು ಬರೆದಿದ್ದಾರೆ. ಆಸೆ ಒಳ್ಳೆಯದೇ. ಆದರೆ ಈ ನೆಲದ ಹಿರಿಯರನ್ನು ಕೇಳದೆ, ಅವರ ಹಾಗೆ ಮಕ್ಕಳ ಮೈಗೆ ಬಿಳಿ ಬಣ್ಣ ಬಳಿದು ವೇದಿಕೆ ಹತ್ತಿಸುವುದು ಬೇಡ. ನಮ್ಮ ಭೂತದ ಕೋಲವನ್ನು ಯಾರೋ ಫ್ಯಾನ್ಸಿ ಡ್ರೆಸ್ ಮಾಡಿದರೆ ನಮಗೆ ಹೇಗಾಗುತ್ತದೆ? ಅದರ ಬದಲು ಹಿರಿಯರೊಬ್ಬರನ್ನು ಗೌರವಧನ ಕೊಟ್ಟು ಕರೆಯೋಣ, ಅವರೇ ಹೇಳಲಿ, ನಮ್ಮ ಮಕ್ಕಳು ಕೂತು ಕೇಳಲಿ.

ಇನ್ನೊಂದು ಹಕ್ಕಿ, ವಿಲ್ಲಿ ವ್ಯಾಗ್‌ಟೇಲ್. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಬಾಲ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಹಲವು ಅಬಾರಿಜಿನಲ್ ಸಮುದಾಯಗಳಲ್ಲಿ ಅದು ಕೆಟ್ಟ ಸುದ್ದಿ ತರುವ, ಗುಟ್ಟು ಕದ್ದು ಕೇಳುವ ಹಕ್ಕಿ. ಬುಡುಬುಡಿಕೆಯವರ ಹಾಲಕ್ಕಿ ನುಡಿ ಕೇಳಿ ಬೆಳೆದ ಅಜ್ಜ ಅಜ್ಜಿ ನಿಮ್ಮ ಮನೆಗೆ ಬಂದಿದ್ದರೆ ಮಕ್ಕಳ ಜೊತೆ ಅವರನ್ನೂ ಕೂರಿಸಿ. ಮಾತು ತಾನಾಗೇ ಬೆಳೆಯುತ್ತದೆ.

ಗೊರವಂಕದ ವಿಷಯವನ್ನೂ ಮಕ್ಕಳಿಗೆ ನೇರವಾಗಿ ಹೇಳಿ. ನಮ್ಮೂರಿನ ಅದೇ ಹಕ್ಕಿಯನ್ನು 1862ರಲ್ಲಿ ಹುಳ ತಿನ್ನಲಿ ಅಂತ ಮೆಲ್ಬರ್ನ್‌ಗೆ ತಂದರು. ಈಗ ಅದು ಮರದ ಪೊಟರೆಗಳಿಗಾಗಿ ರೊಸೆಲ್ಲಾ ಗಿಳಿಗಳ ಜೊತೆ ಜಗಳವಾಡುತ್ತದೆ. ಅದರಂತೆಯೇ ಹಳದಿ ಕೊಕ್ಕಿರುವ, ಬೂದು ಮೈಯ ನಾಯ್ಸಿ ಮೈನರ್ ಮಾತ್ರ ಇಲ್ಲಿನದೇ ಹಕ್ಕಿ. ಮೈ ಕಂದು, ತಲೆ ಕಪ್ಪು, ಹಾರಿದಾಗ ರೆಕ್ಕೆಯಲ್ಲಿ ಬಿಳಿ ಕಂಡರೆ ಗೊರವಂಕ.

ಅಕ್ಟೋಬರ್‌ನಲ್ಲಿ ಬರ್ಡ್‌ಲೈಫ್ ಆಸ್ಟ್ರೇಲಿಯಾದವರ ಹಕ್ಕಿ ಎಣಿಕೆ ಇರುತ್ತದೆ. 20 ನಿಮಿಷ ಒಂದೇ ಕಡೆ ನಿಂತು ಕಂಡದ್ದನ್ನು ಆ್ಯಪ್‌ನಲ್ಲಿ ಬರೆದರೆ ಆಯಿತು. ವೆರಿಬಿ ನದಿ ದಂಡೆಯಲ್ಲಿ ಮಕ್ಕಳನ್ನೆಲ್ಲ ಸೇರಿಸಿ ಮಾಡೋಣ ಅಂತಿದ್ದೇನೆ. ಬರುವವರು ಕೆಳಗೆ ಹೆಸರು ಹಾಕಿ. ಬೈನಾಕ್ಯುಲರ್ ಇದ್ದವರು ತನ್ನಿ, ಹಂಚಿಕೊಂಡು ನೋಡೋಣ.