ಪ್ರಶ್ನೋತ್ತರ: ನಾಲ್ಕು ತಂತಿಯ ಬೇಸ್ ಕೊಟ್ಟು ಐದು ತಂತಿಯದ್ದು ತಗೊಳ್ಳಲಾ?

ಪ್ರಶ್ನೆ (ಕಲ್ಯಾಣಪುರದಿಂದ): ಸರ್, ನಮಸ್ಕಾರ. ನನ್ನ ಹತ್ತಿರ ಪ್ರಿಸಿಷನ್ ಮಾದರಿಯ ನಾಲ್ಕು ತಂತಿಯ ಬೇಸ್ ಗಿಟಾರ್ ಉಂಟು. ಮೊದಲ ಕೆಲಸದ ಸಂಬಳ ಕೂಡಿಸಿ ತಗೊಂಡದ್ದು, ಏಳು ವರ್ಷ ಆಯ್ತು. ಭಾನುವಾರ ಇಗರ್ಜಿಯ (ಚರ್ಚಿನ) ಹಾಡುಗಾರರ ತಂಡ, ಕಾಯರ್‌ನಲ್ಲಿ ನುಡಿಸುತ್ತೇನೆ. ಸೀಸನ್‌ನಲ್ಲಿ ರೋಸ್ (ಕ್ರೈಸ್ತರ ಮದುವೆಯ ಮೊದಲಿನ ಶಾಸ್ತ್ರ), ಮೆಹೆಂದಿ, ರಿಸೆಪ್ಶನ್‌ಗಳಿಗೆ ಒಂದು ಬ್ಯಾಂಡ್ ಜೊತೆ ಹೋಗುತ್ತೇನೆ. ಇತ್ತೀಚೆಗೆ ಸೌಂಡ್ ತುಂಬಾ ಸಪ್ಪೆ ಅನಿಸುತ್ತಿದೆ. ಐದನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ದಾಟಿದರೆ ತಂತಿ ಒತ್ತಲು ಕಷ್ಟ, ಬೆರಳು ನೋಯುತ್ತದೆ. ಉಡುಪಿಯ ಒಬ್ಬರು ತಮ್ಮ ಐದು ತಂತಿಯ ಆಕ್ಟಿವ್ (ಬ್ಯಾಟರಿ ಇರುವ) ಬೇಸ್ ಕೊಡುತ್ತಾರಂತೆ. ನನ್ನದನ್ನು ಕೊಟ್ಟು ಮೇಲೆ 6 ಸಾವಿರ ಕೊಡಬೇಕು. ನಮ್ಮ ಕೀಬೋರ್ಡ್‌ನವರೂ ಐದು ತಂತಿಯದ್ದೇ ತಗೋ ಅಂತಾರೆ. ಈಗ ಆಟಿ (ತುಳುವಿನ ಮಳೆಗಾಲದ ತಿಂಗಳು), ಕಾರ್ಯಕ್ರಮ ಇಲ್ಲ. ಈಗ ಬದಲಿಸಿದರೆ ಸೀಸನ್ ಹೊತ್ತಿಗೆ ಕೈ ಕೂರುತ್ತದೆ ಅಂತ ನನ್ನ ಲೆಕ್ಕ. ಈ ವಾರದೊಳಗೆ ಹೇಳಬೇಕಂತೆ. ಏನು ಮಾಡಲಿ?

ಉತ್ತರ (ಗಿಟಾರ್ ರಿಪೇರಿ ಮಾಡುವವರು, ಬೇಸ್ ವಾದಕರು, ಮಂಗಳೂರು): ನಮಸ್ಕಾರ. ಮೊದಲು ಒಂದು ಪ್ರಶ್ನೆ. ತಂತಿ ಬದಲಿಸಿ ಎಷ್ಟು ದಿನ ಆಯ್ತು? ಸೆಟಪ್, ಅಂದರೆ ಕತ್ತು, ತಂತಿಯ ಎತ್ತರ ಸರಿಪಡಿಸುವ ಕೆಲಸ, ಮಾಡಿಸಿದ್ದು ಯಾವಾಗ?

ಕಲ್ಯಾಣಪುರ: ತಂತಿ ಹಾಕಿ ಎರಡು ವರ್ಷ ಆಗಿರಬಹುದು ಸರ್. ಸೆಟಪ್ ಮಾಡಿಸಿಯೇ ಇಲ್ಲ. ಅಂಗಡಿಯಿಂದ ಬಂದ ಹಾಗೇ ಉಂಟು.

ಉತ್ತರ: ಹಾಗಾದರೆ ಈ ವಾರ ಯಾರಿಗೂ ಹೂಂ ಅನ್ನಬೇಡಿ. ನಿಮಗೆ ಬೇಜಾರು ಬಂದಿರುವುದು ಬೇಸ್ ಮೇಲೆ ಅಲ್ಲ, ಅದು ಈಗ ಇರುವ ಸ್ಥಿತಿಯ ಮೇಲೆ. ಎರಡೂ ಬೇರೆ ಬೇರೆ. ನನ್ನ ಮೇಜಿಗೆ "ಇದನ್ನು ಮಾರಿ ಬಿಡ್ತೇನೆ ಸರ್" ಅಂತ ಬರುವ ಎಷ್ಟೋ ಬೇಸ್‌ಗಳು ಹೊಸ ತಂತಿ, ಒಂದು ಸೆಟಪ್ ಆದ ಮೇಲೆ ವಾಪಸ್ ಅದೇ ಕೈಗೆ ಹೋಗಿವೆ.

ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತಲ್ವಾ, ಗೋಡೆಗೆ ಆನಿಸಿಟ್ಟ ಚೀಲಕ್ಕೇ ಬೂಸ್ಟು ಹಿಡಿಯುತ್ತದೆ. ಮರ ತೇವ ಹೀರಿ ಉಬ್ಬುತ್ತದೆ. ನೆಕ್, ಅಂದರೆ ಫ್ರೆಟ್ ಇರುವ ಉದ್ದನೆಯ ಕತ್ತು, ತಂತಿಯ ಎಳೆತಕ್ಕೆ ಸ್ವಲ್ಪ ಮುಂದಕ್ಕೆ ಬಾಗುತ್ತದೆ. ಆಗ ನಡುವಿನ ಫ್ರೆಟ್‌ಗಳ ಮೇಲೆ ತಂತಿ ಎತ್ತರಕ್ಕೆ ನಿಲ್ಲುತ್ತದೆ. ನೀವು ಹೇಳಿದ ಬೆರಳು ನೋವು ಬಹುತೇಕ ಇದೇ.

ಮನೆಯಲ್ಲೇ ನೋಡಬಹುದು. ಬೇಸ್ ಟ್ಯೂನ್ ಮಾಡಿ, ನುಡಿಸುವ ಭಂಗಿಯಲ್ಲೇ ಮಡಿಲಲ್ಲಿ ಇಟ್ಟುಕೊಳ್ಳಿ. ಎಡಗೈಯಲ್ಲಿ ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒತ್ತಿ, ಬಲಗೈಯಲ್ಲಿ ನೆಕ್ ಬಾಡಿಗೆ ಸೇರುವ ಕಡೆಯ ಫ್ರೆಟ್‌ನಲ್ಲಿ ಒತ್ತಿ. ಈಗ ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಸಂದು ಉಂಟು ನೋಡಿ. ಸುಮಾರು 0.3 ಮಿಲಿಮೀಟರ್ ಇದ್ದರೆ ಸರಿ, ದಪ್ಪ ವಿಸಿಟಿಂಗ್ ಕಾರ್ಡ್ ಒಂದು ನುಸುಳುವಷ್ಟು. ಮೂರು ನಾಲ್ಕು ಕಾರ್ಡ್ ಸಲೀಸಾಗಿ ಹೋಗುತ್ತದೆ ಅಂದರೆ ಟ್ರಸ್ ರಾಡ್ ಬಿಗಿ ಮಾಡಬೇಕು. ಅದು ನೆಕ್‌ನ ಒಳಗಿರುವ ಕಬ್ಬಿಣದ ಸರಳು. ಅಲೆನ್ ಕೀ (ಆರು ಮೂಲೆಯ ಬಾಗಿದ ಕೀ) ಹಾಕಿ ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸುವುದು. ಒಂದು ದಿನ ಬಿಟ್ಟು ಮತ್ತೆ ನೋಡುವುದು. ಕೈ ಹೆದರಿದರೆ ಸುಮ್ನೆ ನನ್ನ ಹತ್ತಿರ ತನ್ನಿ, ಒತ್ತಾಯದಿಂದ ತಿರುಗಿಸಬೇಡಿ.

ಇನ್ನು ಸಪ್ಪೆ ಸೌಂಡ್. ಎರಡು ವರ್ಷದ ತಂತಿಯ ಸುತ್ತುಗಳ ನಡುವೆ ಬೆವರು, ಕೊಳೆ, ತುಕ್ಕು ಸೇರಿರುತ್ತದೆ. ಅದು ಸರಿಯಾಗಿ ಕಂಪಿಸುವುದಿಲ್ಲ. ಕಲ್ಯಾಣಪುರ ಅಂದರೆ ಸಮುದ್ರ ಹತ್ತಿರ, ಉಪ್ಪು ಗಾಳಿ ಬೇರೆ. ಹೊಸ ಸೆಟ್ ಹಾಕಿ, ಮೊದಲ ಸಲ ಆ್ಯಂಪ್‌ಗೆ ಕೊಟ್ಟು ನುಡಿಸಿದ ಆ ಹತ್ತು ನಿಮಿಷ ನಿಮ್ಮ ಬೇಸ್ ಏನು ಹೇಳುತ್ತದೆ ಕೇಳಿ. ಆಮೇಲೆ ಬದಲಿಸುವ ಮಾತು.

ಇನ್ನೊಬ್ಬರು (ಶಿರ್ವ): ಸರ್, ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಂತಿ ಬದಲಿಸುತ್ತಲೇ ಇರಲಿಲ್ಲ ಅಂತ ಓದಿದ್ದೆ. ಅವರ ಸೌಂಡ್ ಅಷ್ಟು ಚಂದ ಬಂತಲ್ಲ?

ಉತ್ತರ: ನಿಜ. ಮೋಟೌನ್‌ನ ಆ ಹಾಡುಗಳೆಲ್ಲ 1962ರ ಪ್ರಿಸಿಷನ್ ಬೇಸ್‌ನಲ್ಲೇ ಜಾಸ್ತಿ ಬಂದದ್ದು. ಆದರೆ ಅವರು ಹಾಕುತ್ತಿದ್ದದ್ದು ಫ್ಲಾಟ್‌ವೌಂಡ್, ನುಣುಪು ಪಟ್ಟಿ ಸುತ್ತಿದ ತಂತಿ. ಅದು ಹಳೆಯದಾದಷ್ಟು ದುಂಡಗಿನ, ಮೆತ್ತಗಿನ ಸ್ವರ ಕೊಡುತ್ತದೆ, ಆ ಹಾಡುಗಳಿಗೆ ಅದೇ ಬೇಕಿತ್ತು. ನಮ್ಮಲ್ಲಿ ಹೆಚ್ಚಿನವರು ಹಾಕುವುದು ರೌಂಡ್‌ವೌಂಡ್, ದುಂಡನೆಯ ಸರಿಗೆ ಸುತ್ತಿದ ತಂತಿ. ಅದು ಹಳತಾದರೆ ಮೆತ್ತಗಾಗುವುದಿಲ್ಲ, ಸಾಯುತ್ತದೆ. ಕರಾವಳಿಯಲ್ಲಿ ಇರುವವರಿಗೆ ಸ್ಟೇನ್‌ಲೆಸ್ ಸ್ಟೀಲ್ ತಂತಿ ತುಕ್ಕಿಗೆ ಸ್ವಲ್ಪ ತಡೆಯುತ್ತದೆ. ಬೆರಳಿಗೆ ಒರಟು, ಫ್ರೆಟ್ ಸ್ವಲ್ಪ ಬೇಗ ಸವೆಯುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಕಲ್ಯಾಣಪುರ: ಸರ್, ಕಾರ್ಡ್ ಹಾಕಿ ನೋಡಿದೆ. ನಾಲ್ಕು ಕಾರ್ಡ್ ಹೋಯ್ತು! ಆದರೆ ಐದನೇ ತಂತಿಯ ವಿಷಯ ಉಳಿಯಿತಲ್ಲ. ಕೀಬೋರ್ಡ್‌ನವರು ಹೇಳುವುದು ತಪ್ಪಾ?

ಉತ್ತರ: ತಪ್ಪಲ್ಲ. ಅವರು ಹಾಗೆ ಯಾಕೆ ಹೇಳುತ್ತಾರೆ ಅಂತ ನನಗೆ ಗೊತ್ತು. ಹಾಡುವವರು "ಇವತ್ತು ಗಂಟಲು ಸರಿ ಇಲ್ಲ, ಅರ್ಧ ಇಳಿಸಿ" ಅಂದ ಕೂಡಲೇ ಅವರು ಟ್ರಾನ್ಸ್‌ಪೋಸ್ ಬಟನ್ ಒತ್ತಿ ಆರಾಮಾಗಿರುತ್ತಾರೆ. ಹಾಡು ಇ ಇಂದ ಇ ಫ್ಲ್ಯಾಟ್‌ಗೆ ಹೋಯ್ತು. ನಿಮ್ಮ ಅತಿ ಕೆಳಗಿನ ಸ್ವರ ಇ, ದಪ್ಪ ತಂತಿಯದ್ದು. ಬೇಕಾದ ಸ್ವರ ಅದಕ್ಕಿಂತ ಒಂದೇ ಒಂದು ಅರ್ಧ ಮೆಟ್ಟಿಲು ಕೆಳಗೆ, ನಿಮ್ಮ ಬೇಸ್‌ನಲ್ಲಿ ಅದು ಇಲ್ಲ. ಪಕ್ಕದ ಎ ತಂತಿಯ ಆರನೇ ಫ್ರೆಟ್‌ಗೆ ಹೋಗಿ ಒಂದು ಸಪ್ತಕ ಮೇಲೆ ನುಡಿಸಬೇಕು. ಕೇಳುವವರಿಗೆ ಹಾಡಿನ ತಳ ಎದ್ದ ಹಾಗೆ ಆಗುತ್ತದೆ. ಐದು ತಂತಿಯದ್ದಾದರೆ ಇನ್ನೂ ಕೆಳಗೆ ಇಳಿಯುವ ಬಿ ತಂತಿಯ ನಾಲ್ಕನೇ ಫ್ರೆಟ್‌ನಲ್ಲಿ ಆ ಸ್ವರ ಕಾದು ಕೂತಿರುತ್ತದೆ. ಐದನೇ ತಂತಿಗೆ ನಿಜವಾದ ಕಾರಣ ಅಂದರೆ ಇದು.

ಆದರೆ ನಿಮಗೆ ಅದು ಎಷ್ಟು ಸಲ ಬೇಕಾಗುತ್ತದೆ ಅಂತ ಲೆಕ್ಕ ಹಾಕಿದ್ದೀರಾ? ಒಂದು ಕೆಲಸ ಮಾಡಿ. ನಿಮ್ಮ ಬ್ಯಾಂಡ್‌ನ ಹಾಡಿನ ಪಟ್ಟಿ ತೆಗೆದು ಪ್ರತಿ ಹಾಡಿನ ಎದುರು ಸ್ಕೇಲ್ ಬರೆಯಿರಿ. ಇ ಸ್ವರಕ್ಕಿಂತ ಕೆಳಗೆ ನಿಜವಾಗಿ ಇಳಿಯಬೇಕಾದ ಹಾಡಿಗೆ ಗುರುತು ಹಾಕಿ. ಕಾಯರ್‌ನ ಪಟ್ಟಿಗೂ ಹಾಗೇ. ಅರ್ಧಕ್ಕೆ ಅರ್ಧ ಗುರುತು ಬಂದರೆ ಐದು ತಂತಿ ನಿಮಗೆ ಬೇಕು, ನಾನೇ ತಗೊಳ್ಳಿ ಅನ್ನುತ್ತೇನೆ. ನಾಲ್ಕೈದು ಹಾಡು ಮಾತ್ರ ಆದರೆ ದಪ್ಪ ತಂತಿಯನ್ನು ಡಿ ಸ್ವರಕ್ಕೆ ಇಳಿಸಿ. ಆಗ ಇ ಫ್ಲ್ಯಾಟ್ ಮೊದಲ ಫ್ರೆಟ್‌ನಲ್ಲೇ ಸಿಗುತ್ತದೆ. ಆ ಒಂದು ತಂತಿಯಲ್ಲಿ ಎಲ್ಲವೂ ಎರಡು ಫ್ರೆಟ್ ಮೇಲೆ ಹೋಗುತ್ತದೆ, ಒಂದು ವಾರ ಕೈ ಗೊಂದಲ ಆಗುತ್ತದೆ, ಆಮೇಲೆ ಅಭ್ಯಾಸ.

ಇನ್ನೊಂದು ವಿಷಯ. ತೆರೆದ ಬಿ ತಂತಿ ಅಂದರೆ ಸುಮಾರು 31 ಹರ್ಟ್ಸ್, ಇ ತಂತಿ 41. ಕಾಯರ್‌ನಲ್ಲಿ ನಿಮ್ಮ ಹಿಂದೆ ಇರುವ ಆ್ಯಂಪ್‌ನ ಸ್ಪೀಕರ್ ಎಷ್ಟು ಇಂಚಿನದು? ಎಂಟೋ ಹತ್ತೋ ಆದರೆ 31 ಹರ್ಟ್ಸ್ ಅದರಿಂದ ಸರಿಯಾಗಿ ಬರುವುದೇ ಇಲ್ಲ. ಅದರ ಮೇಲಿನ ಸ್ವರಾಂಶ ಕೇಳಿ ಕಿವಿ ತುಂಬಿಸಿಕೊಳ್ಳುತ್ತದೆ ಅಷ್ಟೆ. ಮೆಹೆಂದಿ ಸ್ಟೇಜ್‌ನಲ್ಲಿ ದೊಡ್ಡ ಸಬ್‌ವೂಫರ್ ಇದ್ದಾಗ ಬೇರೆ ಮಾತು.

ಕೈಯ ವಿಷಯವೂ ಉಂಟು. ನಿಮ್ಮ ಪ್ರಿಸಿಷನ್ ಮಾದರಿಯಲ್ಲಿ ಬ್ರಿಡ್ಜ್ (ಬಾಡಿಯಲ್ಲಿ ತಂತಿ ಕೂರುವ ಭಾಗ) ಹತ್ತಿರ ತಂತಿಯಿಂದ ತಂತಿಗೆ ಸುಮಾರು 19 ಮಿಲಿಮೀಟರ್. ಎಷ್ಟೋ ಐದು ತಂತಿಯ ಬೇಸ್‌ಗಳಲ್ಲಿ ಅದು 16.5ಕ್ಕೆ ಇಳಿಯುತ್ತದೆ. ಏಳು ವರ್ಷ ಹೆಬ್ಬೆರಳನ್ನು ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಮೇಲೆ ಇಟ್ಟು ನುಡಿಸಿದ ಬಲಗೈ ಅದು. ಹೊಸ ಬೇಸ್‌ನಲ್ಲಿ ತೆಳು ತಂತಿಗಳಿಗೆ ಹೋದಾಗ ಬಿ ತಂತಿ ತನ್ನಷ್ಟಕ್ಕೆ ಗುಂಯ್ ಅನ್ನುತ್ತಾ ಇರುತ್ತದೆ. ಅದನ್ನು ಹೆಬ್ಬೆರಳಲ್ಲಿ ಸುಮ್ಮನಿರಿಸಲು ಕಲಿಯಬೇಕು. ಮೂರು ತಿಂಗಳ ಅಭ್ಯಾಸ ಬೇಕೇ ಬೇಕು.

ಇನ್ನೊಬ್ಬರು (ಬೆಂದೂರು, ಮಂಗಳೂರು): ನನ್ನದೂ ಪ್ರಿಸಿಷನ್ ಮಾದರಿ. ಜಾಝ್ ಮಾದರಿಗೆ ಬದಲಿಸಲಾ ಅಂತ ಯೋಚನೆ. ಅದಕ್ಕೂ ಇದೇ ಉತ್ತರವಾ?

ಉತ್ತರ: ಅಲ್ಲ, ಅದು ರುಚಿಯ ಪ್ರಶ್ನೆ. ಫೆಂಡರ್ ಕಂಪನಿ ಪ್ರಿಸಿಷನ್ ತಂದದ್ದು 1951ರಲ್ಲಿ, ಜಾಝ್ 1960ರಲ್ಲಿ. ಜಾಝ್‌ನ ನೆಕ್ ನಟ್ (ಟ್ಯೂನಿಂಗ್ ಕೀ ಇರುವ ಕಡೆ ತಂತಿ ಕೂರುವ ಪಟ್ಟಿ) ಹತ್ತಿರ 38 ಮಿಲಿಮೀಟರ್, ಪ್ರಿಸಿಷನ್‌ನದ್ದು ಅದಕ್ಕಿಂತ ಮೂರು ನಾಲ್ಕು ಮಿಲಿಮೀಟರ್ ಅಗಲ. ಸಣ್ಣ ಕೈಗೆ ಜಾಝ್ ಹಿತ. ಎರಡು ಪಿಕಪ್ ಇರುವುದರಿಂದ ಸೌಂಡ್‌ನಲ್ಲಿ ಆಯ್ಕೆ ಜಾಸ್ತಿ. ಆದರೆ ಒಂದೇ ಪಿಕಪ್ ತೆರೆದರೆ ಹಾಲ್‌ನ ಲೈಟಿನ ಡಿಮ್ಮರ್ ಹತ್ತಿರ ಹಮ್ (ಗುಂಯ್ ಸದ್ದು) ಬರುತ್ತದೆ. ಎರಡೂ ವಾಲ್ಯೂಮ್ ಪೂರ್ತಿ ಇಟ್ಟರೆ ಹಮ್ ಹೋಗುತ್ತದೆ. ಪ್ರಿಸಿಷನ್‌ನ ಎರಡು ತುಂಡಿನ ಪಿಕಪ್‌ಗೆ ಆ ತೊಂದರೆಯೇ ಇಲ್ಲ. ಅಂಗಡಿಯಲ್ಲಿ ಒಂದು ಗಂಟೆ ಕೂತು ನುಡಿಸಿ ನೋಡಿ.

ಕಲ್ಯಾಣಪುರ: ಸರ್, ಅವರ ಬೇಸ್ ಒಮ್ಮೆ ನೋಡಿ ಬರುವುದಾದರೆ ಏನೆಲ್ಲ ನೋಡಬೇಕು?

ಉತ್ತರ: ನೋಡಲು ಹೋಗುವುದಾದರೆ ಈಗಲೇ, ಜೋರು ಮಳೆ ಇರುವಾಗಲೇ ಹೋಗಿ. ಬೇಸಿಗೆಯಲ್ಲಿ ಎಲ್ಲ ನೆಕ್ ಒಳ್ಳೆಯದಾಗಿ ಕಾಣುತ್ತದೆ.

ಇದನ್ನು ನಾನು ಕಳಕೊಂಡು ಕಲಿತದ್ದು. ತುಂಬಾ ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ನನ್ನ ಜಾಝ್ ಮಾದರಿಯ ಬೇಸ್ ಕೊಟ್ಟು ಒಬ್ಬರಿಂದ ಐದು ತಂತಿಯದ್ದು ತಗೊಂಡೆ. ಕಾರ್ಯಕ್ರಮ ಮುಗಿದು, ಸ್ಟೇಜ್ ಹಿಂದೆ, ಮಂದ ಬೆಳಕಿನಲ್ಲಿ ಹತ್ತು ನಿಮಿಷ ನುಡಿಸಿ ಕೈಕುಲುಕಿದ್ದು. ಜೂನ್‌ನಲ್ಲಿ ಮಳೆ ಹಿಡಿಯಿತು, ನೆಕ್ ಬಾಗಿತು. ಅಲೆನ್ ಕೀ ಹಾಕಿದೆ. ಅಲ್ಲಾಡಲಿಲ್ಲ. ರಾಡ್‌ನ ಬಿಗಿಸುವ ನಟ್ ಮೊದಲೇ ಕೊನೆಯವರೆಗೆ ಬಿಗಿಯಾಗಿತ್ತು, ತಿರುಗಿಸಲು ಇನ್ನು ಜಾಗವೇ ಇರಲಿಲ್ಲ. ಬ್ರಿಡ್ಜ್‌ನ ಸಣ್ಣ ಸ್ಕ್ರೂಗಳ ತಲೆ ತುಕ್ಕು ಹಿಡಿದು ಉರುಟಾಗಿತ್ತು, ಕೀ ಅದರಲ್ಲಿ ಸುಮ್ಮನೆ ಜಾರುತ್ತಿತ್ತು. ಆ ದಿನ ಮೇಜಿನ ಮುಂದೆ ಕೂತದ್ದು ಈಗಲೂ ನೆನಪುಂಟು. ನನ್ನ ಹಳೆಯ ಬೇಸ್ ನೆನೆದು ಹೊಟ್ಟೆಯೊಳಗೆ ಸಂಕಟ ಆಯ್ತು.

ಹಾಗಾಗಿ ನೀವು ಅಲೆನ್ ಕೀ ಜೇಬಲ್ಲಿ ಇಟ್ಟುಕೊಂಡೇ ಹೋಗಿ. ಮಾಲೀಕರ ಒಪ್ಪಿಗೆ ಕೇಳಿ, ಅವರ ಎದುರೇ ಟ್ರಸ್ ರಾಡ್ ಸ್ವಲ್ಪ ಸಡಿಲಿಸಿ, ಮತ್ತೆ ಇದ್ದಲ್ಲಿಗೆ ತನ್ನಿ. ಎರಡೂ ಕಡೆ ತಿರುಗಬೇಕು. ಹೆಡ್‌ಸ್ಟಾಕ್ (ಟ್ಯೂನಿಂಗ್ ಕೀ ಇರುವ ತುದಿ) ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ ಉದ್ದಕ್ಕೂ ನೋಡಿ, ತಿರುಚಿದ ಹಾಗೆ ಕಂಡರೆ ಅಲ್ಲಿಗೇ ನಮಸ್ಕಾರ ಹೇಳಿ ಬನ್ನಿ. ತಿರುಚಿದ ನೆಕ್‌ಗೆ ಸುಲಭದ ಮದ್ದಿಲ್ಲ. ಪ್ರತಿ ತಂತಿಯಲ್ಲಿ ಪ್ರತಿ ಫ್ರೆಟ್ ಒಂದೊಂದಾಗಿ ನುಡಿಸಿ. ಬಿ ತಂತಿ ಜೋಲುಜೋಲಾಗಿ ಇದೆಯಾ, ಸ್ವರ ಸ್ಪಷ್ಟವಾಗಿ ನಿಲ್ಲುತ್ತದಾ, ಅದನ್ನು ಜಾಸ್ತಿ ಹೊತ್ತು ನೋಡಿ.

ಆಕ್ಟಿವ್ ಅಂದರೆ ಒಳಗೆ 9 ವೋಲ್ಟ್ ಬ್ಯಾಟರಿ, ಒಂದು ಸರ್ಕ್ಯೂಟ್. ಬ್ಯಾಟರಿ ಮುಚ್ಚಳ ತೆಗೆಸಿ, ಹಸಿರು ಕಿಲುಬು ಉಂಟಾ ನೋಡಿ. ಎಲ್ಲ ನಾಬ್ ತಿರುಗಿಸಿ, ಕರಕರ ಅಂತದಾ ಕೇಳಿ. ನಿಮ್ಮದು ಪ್ಯಾಸಿವ್, ಆ ಜಂಜಾಟ ನಿಮಗೆ ಇಲ್ಲಿವರೆಗೆ ಗೊತ್ತಿಲ್ಲ. ಆಕ್ಟಿವ್‌ನಲ್ಲಿ ಕೇಬಲ್ ಚುಚ್ಚಿಟ್ಟರೆ ಬ್ಯಾಟರಿ ಖಾಲಿ ಆಗುತ್ತಲೇ ಇರುತ್ತದೆ, ಬ್ರೇಕ್ ಸಿಕ್ಕಾಗಲೆಲ್ಲ ತೆಗೆಯಬೇಕು.

ಕೊನೆಗೆ, ಬೆಲ್ಟ್ ಹಾಕಿ ನಿಂತು ನುಡಿಸಿ, ಅರ್ಧ ಗಂಟೆ. ಕೈ ಬಿಟ್ಟರೆ ಹೆಡ್ ಕೆಳಗೆ ಬೀಳುತ್ತದಾ? ರಿಸೆಪ್ಶನ್‌ನಲ್ಲಿ ನಾಲ್ಕು ಗಂಟೆ ಅದನ್ನು ಎಡಗೈಯಲ್ಲಿ ಹೊರಬೇಕಾದವರು ನೀವು.

ಕಲ್ಯಾಣಪುರ (ಹನ್ನೆರಡು ದಿನ ಬಿಟ್ಟು): ಸರ್, ವರದಿ ಒಪ್ಪಿಸುತ್ತೇನೆ. ಹೊಸ ತಂತಿ ಹಾಕಿ, ನಿಮ್ಮಲ್ಲಿ ಸೆಟಪ್ ಮಾಡಿಸಿ ತಂದ ರಾತ್ರಿ ಮನೆಯವರು ಮಲಗುವವರೆಗೆ ನುಡಿಸಿದೆ. ಬೆರಳು ನೋವು ಇಲ್ಲ. ಹಾಡಿನ ಪಟ್ಟಿ ನೋಡಿದೆ. ಬ್ಯಾಂಡ್‌ನ 38 ಹಾಡಲ್ಲಿ ಗುರುತು ಬಿದ್ದದ್ದು ಆರಕ್ಕೆ. ಕಾಯರ್‌ನಲ್ಲಿ ಎರಡೇ. ಉಡುಪಿಗೂ ಹೋಗಿ ಬಂದೆ. ಅವರ ಬೇಸ್ ಒಳ್ಳೆಯದೇ ಉಂಟು, ರಾಡ್ ಎರಡೂ ಕಡೆ ತಿರುಗಿತು. ಆದರೆ ತಂತಿಗಳ ನಡುವೆ ನನ್ನ ಬೆರಳಿಗೆ ಜಾಗ ಸಾಲಲಿಲ್ಲ. ಈಗ ಬೇಡ ಅಂತ ಹೇಳಿ ಬಂದೆ, ಅವರಿಗೆ ಬೇಸರ ಆಗಲಿಲ್ಲ. ಆ ಆರು ಹಾಡಿಗೆ ಡಿ ಸ್ವರಕ್ಕೆ ಇಳಿಸಿ ಅಭ್ಯಾಸ ಶುರು ಮಾಡಿದ್ದೇನೆ.

ಉತ್ತರ: ತುಂಬಾ ಖುಷಿ ಆಯ್ತು. ಆರೂ ಹಾಡು ಕಾರ್ಯಕ್ರಮದಲ್ಲಿ ಒಟ್ಟಿಗೆ ಬರುವ ಹಾಗೆ ಇಡಲು ನಿಮ್ಮ ಕೀಬೋರ್ಡ್‌ನವರಿಗೆ ಹೇಳಿ, ಪದೇಪದೇ ಟ್ಯೂನ್ ಮಾಡುವುದು ತಪ್ಪುತ್ತದೆ. ಬೇಸ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಹಾಕಿಡಿ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ತಂತಿಯ ಅಡಿಭಾಗವನ್ನೂ ಒರೆಸಿ. ಮಳೆ ಬಿಟ್ಟು ಗಾಳಿ ಒಣಗಿದಾಗ ನೆಕ್ ಹಿಂದಕ್ಕೆ ಸರಿಯುತ್ತದೆ, ಹೆಡ್ ಹತ್ತಿರದ ಫ್ರೆಟ್‌ಗಳಲ್ಲಿ ತಂತಿ ಕಿರಿಕಿರಿ ಅನ್ನಬಹುದು. ಡಿಸೆಂಬರ್ ಕಾರ್ಯಕ್ರಮ ಶುರು ಆಗುವ ಮೊದಲು ಒಮ್ಮೆ ತನ್ನಿ, ಕಾಲು ಸುತ್ತು ಸಡಿಲಿಸಿ ಕೊಡುತ್ತೇನೆ.