ಗ್ವಾಕಮೋಲೆ: ಚಟ್ನಿಯೋ, ಪಚಡಿಯೋ, ಭರ್ತವೋ?

ಎಲ್ಲರಿಗೂ ನಮಸ್ಕಾರ.

ಧಾರವಾಡದಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳಿಗಾಗಿ ಕೆಲವು ಹೊಸ ಅಡುಗೆಗಳನ್ನು ಕನ್ನಡದಲ್ಲಿ ಬರೆದು ಕೊಡುತ್ತಿದ್ದೇನೆ. ಅದರಲ್ಲಿ ಖಾರದ ಗ್ವಾಕಮೋಲೆಯೂ ಒಂದು. ಅಂದರೆ ಬೆಣ್ಣೆಹಣ್ಣನ್ನು (ಅವಕಾಡೊ) ಹಿಚುಕಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಲಿಂಬೆರಸ ಸೇರಿಸಿ ಮಾಡುವ ಮೆಕ್ಸಿಕೋದ ಪದಾರ್ಥ. ಮಾಡುವುದು ಸುಲಭ. ಆದರೆ ಬರೆಯಲು ಕೂತರೆ ಎರಡು ಕಡೆ ಪದ ಸಿಗುತ್ತಿಲ್ಲ. ಇದು ಯಾವ ಬಗೆಯ ಪದಾರ್ಥ ಅಂತ ಹೇಳಬೇಕು? ಹಣ್ಣನ್ನು ಮೆತ್ತಗೆ ಮಾಡುವ ಕೆಲಸಕ್ಕೆ ಯಾವ ಕ್ರಿಯಾಪದ ಸರಿ?

ಮೂಲ ಹೆಸರು ಮೆಕ್ಸಿಕೋದ ನಹುವಾಟಲ್ ನುಡಿಯದು. ಸ್ಪ್ಯಾನಿಷ್ ಮೂಲಕ ಹೊರಗೆ ಬಂತು. ಅದರಲ್ಲಿ ಎರಡು ಪದಗಳು ಸೇರಿವೆ. 'ಆವಕಾಟ್ಲ್' ಅಂದರೆ ಬೆಣ್ಣೆಹಣ್ಣು, 'ಮೋಲ್ಲಿ' ಅಂದರೆ ಅರೆದು ಮಾಡಿದ ಗೊಜ್ಜಿನಂಥದ್ದು. ಸ್ಪ್ಯಾನಿಷ್‌ನಲ್ಲಿ ಕೊನೆಯ ಎಕಾರವನ್ನು ಪೂರ್ತಿ ಹೇಳುತ್ತಾರೆ. ಅದಕ್ಕೇ ನಾನು 'ಗ್ವಾಕಮೋಲಿ' ಅಂತ ಬರೆಯದೆ 'ಗ್ವಾಕಮೋಲೆ' ಅಂತ ಬರೆಯುತ್ತೇನೆ.

ಈ ಅರ್ಥ ನೋಡಿದರೆ 'ಬೆಣ್ಣೆಹಣ್ಣಿನ ಚಟ್ನಿ' ಅಂದುಬಿಡಬಹುದು ಅಲ್ವಾ? ಬೆಂಗಳೂರು, ಮೈಸೂರು ಕಡೆ ಅದು ನಡೆದೀತು. ನಮ್ಮ ಕಡೆ ಚಟ್ನಿ ಅಂದ ಕೂಡಲೇ ಮೊದಲು ಕಣ್ಣಿಗೆ ಬರುವುದು ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಎಲ್ಲವೂ ಒಣ ಪುಡಿ, ಡಬ್ಬಿಯಲ್ಲಿ ದಿನಗಟ್ಟಲೆ ಇರುವಂಥವು. ಗ್ವಾಕಮೋಲೆ ಹಾಗಲ್ಲ. ಹಣ್ಣಿನ ತಿರುಳಿಗೆ ಗಾಳಿ ತಾಕಿದರೆ ಸ್ವಲ್ಪ ಹೊತ್ತಿಗೇ ಬಣ್ಣ ಕಂದುತ್ತದೆ. ಲಿಂಬೆರಸ ಅದನ್ನು ನಿಧಾನ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಮಾಡಿದ ಹೊತ್ತಿಗೇ ತಿನ್ನಬೇಕು. 'ರಂಜಕ' ಅನ್ನೋಣ ಅಂದರೆ ಅದು ಕೆಂಪು ಮೆಣಸಿನಕಾಯಿಯದು. ಅಲ್ಲಿ ಖಾರವೇ ಮುಖ್ಯ.

ಪಚಡಿ? ಹಸಿಯಾಗಿ ತಿನ್ನುವುದು ಅನ್ನುವಲ್ಲಿ ಹೊಂದುತ್ತದೆ. ಆದರೆ ಪಚಡಿಯಲ್ಲಿ ಸವತಿಕಾಯಿ, ಗಜ್ಜರಿ ಹೋಳು ಹೋಳಾಗಿಯೇ ಇರಬೇಕು. ಹಣ್ಣು ಮೆತ್ತಗಾಗಿ ಒಂದಾಗುವ ಅರ್ಥ ಅದರಲ್ಲಿ ಇಲ್ಲ.

ನನಗೆ ಹೆಚ್ಚು ಹತ್ತಿರ ಅನಿಸುವುದು ಭರ್ತ. ಬದನೆಕಾಯಿ ಭರ್ತದಲ್ಲೂ ತಿರುಳನ್ನು ನುಣ್ಣಗೆ ಮಾಡುವುದಿಲ್ಲ. ಅಲ್ಲಲ್ಲಿ ಗಂಟು ಬಿಡುತ್ತೇವೆ. ಹಸಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಇಲ್ಲೂ ಅವೇ. ಬಿಸಿ ರೊಟ್ಟಿಗೆ ಹಚ್ಚಿಕೊಂಡು ತಿಂದರೂ ಅದೇ ಜಾತಿ ಅನಿಸುತ್ತದೆ. ಒಂದೇ ತೊಡಕು: ಭರ್ತಕ್ಕೆ ಕಾಯಿಯನ್ನು ಸುಡಬೇಕು. ಬೆಣ್ಣೆಹಣ್ಣನ್ನು ಬೆಂಕಿಗೆ ಹಿಡಿದರೆ ಕಹಿ ಆಗಬಹುದು. ಹಾಗಾಗಿ 'ಬೆಣ್ಣೆಹಣ್ಣಿನ ಹಸಿ ಭರ್ತ' ಅಂತ ಬರೆದಿದ್ದೇನೆ. ತಲೆಬರಹದಲ್ಲಿ ಗ್ವಾಕಮೋಲೆ ಇರಲಿ, ಕೆಳಗೆ ಈ ವಿವರಣೆ ಬರಲಿ ಅನ್ನುವುದು ನನ್ನ ಆಸೆ. 'ಹಸಿ ಭರ್ತ' ಅನ್ನುವ ಮಾತು ನಿಮ್ಮ ಕಿವಿಗೆ ಒಪ್ಪುತ್ತದೆಯೇ? ಸುಡದ ಭರ್ತವನ್ನು ಯಾರಾದರೂ ಕೇಳಿದ್ದೀರಾ?

ಇನ್ನು ಕ್ರಿಯಾಪದ. ಮೆಕ್ಸಿಕೋದಲ್ಲಿ ಇದನ್ನು ಮೂರು ಕಾಲಿನ ಕಲ್ಲಿನ ಒರಳಿನಲ್ಲಿ ಮಾಡುತ್ತಾರೆ. ಹೆಸರು ಮೋಲ್ಕಹೆತೆ. ಮೊದಲು ಉಳ್ಳಾಗಡ್ಡಿ, ಮೆಣಸಿನಕಾಯಿ, ಉಪ್ಪು ಸೇರಿಸಿ ಅರೆಯುತ್ತಾರೆ. ಅದು ಸರಿ, ಅಲ್ಲಿ 'ಅರೆ' ಅನ್ನಬಹುದು. ಹಣ್ಣು ಹಾಕಿದ ಮೇಲೆ ಕೆಲಸವೇ ಬೇರೆ. 'ಅರೆದು' ಅಂತ ಬರೆದರೆ ಓದಿದವರು ಮಿಕ್ಸಿಗೆ ಹಾಕಿಬಿಡುತ್ತಾರೆ. ಆಗ ಅದು ಅಂಟು ಅಂಟಾಗಿ ಕೆಡುತ್ತದೆ. 'ಕುಟ್ಟಿ' ಅಂದರೆ ಪೆಟ್ಟು ಜಾಸ್ತಿ. 'ಜಜ್ಜಿ' ಅನ್ನುವುದು ಬೆಳ್ಳುಳ್ಳಿ, ಶುಂಠಿಯಂಥ ಗಟ್ಟಿ ವಸ್ತುವಿಗೆ ಒಪ್ಪುತ್ತದೆ. 'ಕಿವುಚಿ' ಅಂದರೆ ಕೈ ನೆನಪಾಗುತ್ತದೆ, ನೀರಿನಲ್ಲಿ ಹುಣಸೆಹಣ್ಣು ನೆನಪಾಗುತ್ತದೆ. ದಕ್ಷಿಣದ 'ಮಸೆ' ಅರ್ಥಕ್ಕೆ ಹತ್ತಿರ. ಆದರೆ ನಮ್ಮ ಓಣಿಯಲ್ಲಿ ಮಸೆಯುವುದು ಅಂದರೆ ಕುಡಗೋಲು ಮಸೆಯುವುದೇ. ಸದ್ಯಕ್ಕೆ 'ಚಮಚದ ಬೆನ್ನಿನಿಂದ ಹಿಚುಕಿ' ಅಂತ ಇಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಇದ್ದೇ ಇರಬೇಕು.

ಖಾರದ ವಿಷಯ ಒಂದು ಮಾತು. ನಮ್ಮಲ್ಲಿ 'ಖಾರ' ರುಚಿಯೂ ಹೌದು, ಪುಡಿಯೂ ಹೌದು. 'ಖಾರ ಹಾಕಿ' ಅಂತ ಬರೆದರೆ ಕೆಂಪು ಪುಡಿ ಬೀಳುತ್ತದೆ, ಹಣ್ಣಿನ ಹಸಿರು ಹೋಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದೇ ಬಣ್ಣಕ್ಕೆ, ಖಾರ ಕಮ್ಮಿ. ಅದರ ಪುಡಿ ಹಾಕಿದರೆ ಇಲ್ಲಿ ಎರಡೂ ಕೆಲಸ ಕೆಡುತ್ತದೆ. ಅದಕ್ಕೆ 'ಹಸಿ ಖಾರ' ಅಂತಲೇ ಬಳಸಿದ್ದೇನೆ. ಎರಡು ಹಣ್ಣಿಗೆ ಮೂರು ಹಸಿಮೆಣಸಿನಕಾಯಿ, ಅರ್ಧ ಲಿಂಬೆಹಣ್ಣು ಸಾಕು. 'ಹಸಿ ಖಾರ' ಧಾರವಾಡ, ಹುಬ್ಬಳ್ಳಿಯಲ್ಲಿ ಎಲ್ಲರಿಗೂ ತಿಳಿಯುತ್ತದೆ. ಮೈಸೂರು ಕಡೆಯವರು ಓದಿದರೆ ತಿಳಿಯುತ್ತದೆಯೇ?

ಗದಗ, ಹಾವೇರಿ ಕಡೆಯವರು ಮುಖ್ಯವಾಗಿ ಬರೆಯಿರಿ. ಮೆತ್ತಗಿನ ಹಣ್ಣನ್ನು ಗಂಟು ಉಳಿಯುವ ಹಾಗೆ ಹಿಚುಕುವುದಕ್ಕೆ ನಿಮ್ಮ ಮನೆಯಲ್ಲಿ ಹಿರಿಯರು ಏನಂತಾರೆ? ಮಾತಾಡುವ ರೂಪದಲ್ಲೇ ಕೊಡಿ, ದಯವಿಟ್ಟು ತಿದ್ದಿ ಗ್ರಂಥದ ಭಾಷೆ ಮಾಡಬೇಡಿ.